‘ಮೆನ್ ಓ ವಾರ್’ (1929): ಲಾರೆಲ್–ಹಾರ್ಡಿಯ ನಾವಿಕರ ಟಾಕಿ ನಿಜಕ್ಕೂ ನಿಧಾನವೇ?

ಹಳೇರೀಲು:
ಮಾತು ಬಂದಮೇಲೆ ಲಾರೆಲ್–ಹಾರ್ಡಿ ಸಪ್ಪೆಯಾದರು, ಮೂಕಿ ಕಾಲದ ಬಿರುಸು ಹೊರಟೇಹೋಯಿತು ಅನ್ನುವ ಮಾತು ಇಲ್ಲಿ ಪದೇ ಪದೇ ಬರುತ್ತಿದೆ. ಸಾಕ್ಷಿಗೆ ‘ಮೆನ್ ಓ ವಾರ್’ ಚಿತ್ರವನ್ನು ಎಳೆದು ತರುತ್ತಾರೆ. ನನ್ನ ಪ್ರಕಾರ ಆ ಜೋಡಿ ಮಾತನ್ನು ಪಳಗಿಸಿಕೊಂಡದ್ದೇ ಈ ಚಿತ್ರದಲ್ಲಿ. ವಿವರವಾಗಿ ಮಾತಾಡೋಣ ಅಂತ ಬೇರೆ ಎಳೆ ಶುರು ಮಾಡಿದ್ದೇನೆ.

ನೋಡಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬಿಡುಗಡೆಯಾದದ್ದು 1929ರ ಜೂನ್ 29. ಎರಡು ರೀಲು, ಸುಮಾರು 20 ನಿಮಿಷ. ಹಾಲ್ ರೋಚ್ ಸ್ಟುಡಿಯೋ ತಯಾರಿಕೆ, ಎಂಜಿಎಂ ಹಂಚಿಕೆ, ಲೂಯಿಸ್ ಫಾಸ್ಟರ್ ನಿರ್ದೇಶನ. ಈ ಜೋಡಿಯ ಮೊದಲ ಟಾಕಿ ತೆರೆಗೆ ಬಂದದ್ದು ಅದೇ ವರ್ಷ ಮೇ 4ಕ್ಕೆ, ಎರಡನೆಯದು ಜೂನ್ 1ಕ್ಕೆ. ಎರಡು ತಿಂಗಳು ತುಂಬುವುದರೊಳಗೆ ಇದು ಮೂರನೆಯದು!

ಕಥೆ ಅಂತ ಇರುವುದು ಇಷ್ಟೇ. ರಜೆ ಸಿಕ್ಕಿ ಹಡಗಿನಿಂದ ಇಳಿದ ಇಬ್ಬರು ನಾವಿಕರು ಪಾರ್ಕಿಗೆ ಬರುತ್ತಾರೆ, ಇಬ್ಬರು ಹುಡುಗಿಯರ ಪರಿಚಯವಾಗುತ್ತದೆ, ನಾಲ್ವರೂ ಸೋಡಾ ಅಂಗಡಿಗೆ ಹೋಗುತ್ತಾರೆ, ಆಮೇಲೆ ಕೆರೆಯಲ್ಲಿ ದೋಣಿ ವಿಹಾರ. ಯುದ್ಧದ ಹಡಗಿನ ಹೆಸರು ಹೊತ್ತ ಚಿತ್ರದಲ್ಲಿ ನಡೆಯುವ ಒಂದೇ ಕದನ ಪಾರ್ಕಿನ ಕೆರೆಯಲ್ಲಿ.

ಸೋಡಾ ಅಂಗಡಿಯ ದೃಶ್ಯವನ್ನು ಗಮನವಿಟ್ಟು ನೋಡಿ. ಓಲಿ ಅಂದರೆ ಹಾರ್ಡಿ, ಸ್ಟಾನ್ ಅಂದರೆ ಲಾರೆಲ್. ಓಲಿಯ ಜೇಬಿನಲ್ಲಿ ಇರುವುದು 15 ಸೆಂಟ್. ಒಂದು ಸೋಡಾಕ್ಕೆ 5 ಸೆಂಟ್ ಅಂತ ಅವನ ಲೆಕ್ಕ. ಬಾಯಿ ನಾಲ್ಕು, ದುಡ್ಡು ಮೂರಕ್ಕೆ. ಸ್ಟಾನನ್ನು ಪಕ್ಕಕ್ಕೆ ಕರೆದು, ‘ನಿನ್ನನ್ನು ಕೇಳಿದಾಗ ಬೇಡ ಅನ್ನು’ ಅಂತ ಪಾಠ ಹೇಳುತ್ತಾನೆ. ಸ್ಟಾನ್ ತಲೆಯಾಡಿಸುತ್ತಾನೆ. ವಾಪಸ್ ಬಂದು ಸಾಲಾಗಿ ಕೇಳುತ್ತಾರೆ: ಆಕೆಗೆ ಸೋಡಾ, ಈಕೆಗೆ ಸೋಡಾ, ನನಗೆ ಸೋಡಾ, ‘ನಿನಗೇನು ಸ್ಟಾನ್?’ ಅವನೂ ಅಷ್ಟೇ ಸಹಜವಾಗಿ ‘ಸೋಡಾ’ ಅನ್ನುತ್ತಾನೆ. ಮತ್ತೆ ಪಕ್ಕಕ್ಕೆ, ಮತ್ತೆ ಪಾಠ, ಮತ್ತೆ ‘ಸೋಡಾ’. ಕೊನೆಗೆ ಇಬ್ಬರೂ ಒಂದು ಲೋಟ ಹಂಚಿಕೊಳ್ಳುವುದು ಅಂತ ತೀರ್ಮಾನವಾಗುತ್ತದೆ. ಲೋಟ ಮೊದಲು ಕೈಗೆ ಸಿಕ್ಕ ಸ್ಟಾನ್ ಪೂರ್ತಿ ಕುಡಿದು ಮುಗಿಸುತ್ತಾನೆ. ಯಾಕೆ ಹೀಗೆ ಮಾಡಿದೆ ಅಂದರೆ ಅಳುತ್ತಾ ಕೊಡುವ ಉತ್ತರ: ‘ನನ್ನ ಪಾಲು ತಳದಲ್ಲಿತ್ತು.’

ಈ ಉತ್ತರವನ್ನು ಆ ಅಳುದನಿಯಲ್ಲೇ ಕೇಳಬೇಕು, ಓದಿದರೆ ಸಾಲದು.

ಮೂಕಿಪ್ರಿಯೆ:
ಹಳೇರೀಲು ಸರ್, ನೀವು ಇಷ್ಟೊಂದು ಮೆಚ್ಚುವ ಸೋಡಾ ದೃಶ್ಯವನ್ನು ಅವರು ಮೂಕಿಯಲ್ಲೇ ಮಾಡಿಯಾಗಿತ್ತು. 1928ರ ‘ಶುಡ್ ಮ್ಯಾರೀಡ್ ಮೆನ್ ಗೋ ಹೋಮ್?’ ನೋಡಿ. ಅಲ್ಲಿ ಅವರು ನಾವಿಕರಲ್ಲ, ಗಾಲ್ಫ್ ಆಡಲು ಬಂದವರು. ಇಬ್ಬರು ಹುಡುಗಿಯರು, ಸಾಲದ ದುಡ್ಡು, ಬೇಡ ಅನ್ನಲು ಬಾರದ ಸ್ಟಾನ್, ಎಲ್ಲ ಅಲ್ಲೇ ಇದೆ. ಟಾಕಿಗೆ ಬಂದಾಗ ಹಳೆಯ ಸರಕಿಗೆ ಮಾತು ಸೇರಿಸಿದರು.

ನಾವಿಕರ ವೇಷ ಕೂಡ ಹೊಸದಲ್ಲ. 1928ರ ನವೆಂಬರ್‌ನಲ್ಲಿ ಬಂದ ‘ಟೂ ಟಾರ್ಸ್’ ನೆನಪಿದೆಯಾ? ಅಲ್ಲೂ ರಜೆಯ ಮೇಲಿರುವ ಇಬ್ಬರು ನಾವಿಕರು, ಇಬ್ಬರು ಹುಡುಗಿಯರು, ಬಾಡಿಗೆ ಕಾರು. ರಸ್ತೆ ತುಂಬ ಸಾಲುಗಟ್ಟಿ ನಿಂತ ಕಾರುಗಳು. ಒಬ್ಬ ಇನ್ನೊಬ್ಬನ ದೀಪ ಕೀಳುತ್ತಾನೆ, ಅವನು ಸಾವಧಾನವಾಗಿ ಇಳಿದು ಬಂದು ಇವನ ಮಡ್‌ಗಾರ್ಡ್ ಕಿತ್ತುಹಾಕುತ್ತಾನೆ, ನೋಡುತ್ತಿದ್ದ ಮೂರನೆಯವನಿಗೂ ಅದು ಅಂಟಿಕೊಳ್ಳುತ್ತದೆ. ಹೀಗೆ ರಸ್ತೆ ಉದ್ದಕ್ಕೂ ಹಬ್ಬುತ್ತದೆ. ಕೊನೆಗೆ ರೈಲಿನ ಸುರಂಗದಿಂದ ಇವರ ಕಾರು ಚಪ್ಪಟೆಯಾಗಿ ಹೊರಬರುವ ಹೊತ್ತಿಗೆ ನಕ್ಕು ನಕ್ಕು ಸಾಕಾಗಿರುತ್ತದೆ. ಅದರ ಪಕ್ಕದಲ್ಲಿ ‘ಮೆನ್ ಓ ವಾರ್’ನ ದೋಣಿ ಗಲಾಟೆ ಇಟ್ಟು ನೋಡಿ. ದೋಣಿ ಗುದ್ದುತ್ತದೆ, ನೀರಿಗೆ ಬಿದ್ದವರೆಲ್ಲ ಇವರ ದೋಣಿಗೇ ಹತ್ತಿಕೊಳ್ಳುತ್ತಾರೆ, ಎಲ್ಲರೂ ಸೇರಿ ಮುಳುಗುತ್ತಾರೆ. ಅದೇ ಲೆಕ್ಕಾಚಾರ, ಆದರೆ ಅರ್ಧ ಕಸುವು.

ಕಡಲತಡಿ:
ಇಬ್ಬರ ವಾದವೂ ಚೆನ್ನಾಗಿದೆ. ನಾನು ನೌಕಾಪಡೆಯಲ್ಲಿ ಕೆಲಸ ಮಾಡಿದವನು, ಆ ಕಡೆಯಿಂದ ಒಂದೆರಡು ಮಾತು.

ದಡಕ್ಕೆ ಇಳಿಯುವ ಈ ರಜೆಗೆ ನಮ್ಮಲ್ಲೂ ಲಿಬರ್ಟಿ ಅಂತಲೇ ಹೇಳುತ್ತೇವೆ. ಅದಕ್ಕೆ ಗಂಟೆಯ ಲೆಕ್ಕ ಇರುತ್ತದೆ, ಹೊತ್ತಿಗೆ ಸರಿಯಾಗಿ ಹಡಗಿಗೆ ವಾಪಸ್ ಆಗಬೇಕು. ಜೇಬಿನಲ್ಲಿ ದುಡ್ಡು ಕಡಿಮೆ, ಕೈಯಲ್ಲಿ ಹೊತ್ತು ಕಡಿಮೆ, ಊರು ಹೊಸದು. ನಾವಿಕನ ಬಗ್ಗೆ ಅಷ್ಟೊಂದು ಹಾಸ್ಯ ಚಿತ್ರಗಳು ಬಂದದ್ದಕ್ಕೆ ಈ ಮೂರೇ ಕಾರಣ ಸಾಕು. ಯೂನಿಫಾರ್ಮ್ ಬೇರೆ ಇರುವುದರಿಂದ ಬರುವವನು ಯಾರು, ಎಲ್ಲಿಂದ ಬಂದ, ಯಾಕೆ ಬಂದ ಅಂತ ಪ್ರೇಕ್ಷಕರಿಗೆ ವಿವರಿಸುವ ಕೆಲಸವೇ ಇಲ್ಲ. 20 ನಿಮಿಷದ ಚಿತ್ರಕ್ಕೆ ಅದು ದೊಡ್ಡ ಉಳಿತಾಯ.

ನಾವಿಕರು ಇಳಿದ ತಕ್ಷಣ ಸೋಡಾ ಅಂಗಡಿಗೆ ಹೋಗುವುದು ಇವತ್ತಿನವರಿಗೆ ವಿಚಿತ್ರವಾಗಿ ಕಾಣಬಹುದು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಹಡಗಿನಲ್ಲಂತೂ ಅದಕ್ಕೂ ಮುಂಚೆಯೇ, 1914ರ ಜುಲೈ 1ರಿಂದ, ನೌಕಾ ಕಾರ್ಯದರ್ಶಿ ಜೋಸೆಫಸ್ ಡೇನಿಯಲ್ಸ್ ಅವರ ಆದೇಶದ ಮೇಲೆ ಮದ್ಯ ಬಂದ್ ಆಗಿತ್ತು. ಹುಡುಗಿಯರನ್ನು ಕರೆದುಕೊಂಡು ಕಾನೂನಿನೊಳಗೆ ಕೂತು ಏನಾದರೂ ಕುಡಿಯಬೇಕಾದರೆ ಸೋಡಾ ಫೌಂಟನ್ನೇ ಗತಿ. ಆ ದೃಶ್ಯ ಆ ಕಾಲದ ನೋಡುಗರ ದಿನನಿತ್ಯದ ಬದುಕು.

ಹಳೇರೀಲು:
ಕಡಲತಡಿ ಸರ್, ಪಾನನಿಷೇಧದ ಸಂಗತಿ ಒಳ್ಳೇ ಹೊತ್ತಿಗೆ ಹೇಳಿದಿರಿ. 15 ಸೆಂಟಿನ ಸಂಕಟಕ್ಕೆ ಅದರಿಂದ ಇನ್ನಷ್ಟು ತೂಕ ಬಂತು.

ಮೂಕಿಪ್ರಿಯೆ ಮೇಡಂ, ಸೋಡಾ ಪ್ರಸಂಗ ಮೂಕಿಯಿಂದಲೇ ಬಂದದ್ದು, ನಿಜ. ಹಾಗಾಗಿಯೇ ಎರಡನ್ನೂ ಪಕ್ಕಪಕ್ಕ ಇಟ್ಟರೆ ನಾನು ಹೇಳುವುದು ಸ್ಪಷ್ಟವಾಗುತ್ತದೆ. ಮೂಕಿಯಲ್ಲಿ ಬೇಡ ಅನ್ನು ಎಂಬ ಪಾಠ ನಮಗೆ ತಿಳಿಯುವುದು ಅಕ್ಷರದ ಫಲಕದಿಂದ. ಫಲಕ ಬಂದಾಗ ಮುಖ ಮರೆಯಾಗುತ್ತದೆ, ಮುಖ ಬಂದಾಗ ಮಾತು ಮುಗಿದಿರುತ್ತದೆ. ಟಾಕಿಯಲ್ಲಿ ಓಲಿ ‘ನಿನಗೇನು ಸ್ಟಾನ್?’ ಅಂತ ಸಕ್ಕರೆಯಂಥ ದನಿಯಲ್ಲಿ ಕೇಳುತ್ತಿರುವಾಗಲೇ ಅವನ ಕಣ್ಣು ಇನ್ನೇನೋ ಹೇಳುತ್ತಿರುತ್ತದೆ. ದನಿ ಹುಡುಗಿಯರಿಗೆ, ಕಣ್ಣು ಸ್ಟಾನ್‌ಗೆ. ಎರಡೂ ಒಂದೇ ಕ್ಷಣದಲ್ಲಿ. ಇದು ಫಲಕದಿಂದ ಸಾಧ್ಯವೇ ಇಲ್ಲ.

ಇನ್ನೊಂದು ಉದಾಹರಣೆ ಚಿತ್ರದ ಆರಂಭದ್ದು. ಹುಡುಗಿಯೊಬ್ಬಳು ಕೈಗವಸು ಕಳೆದುಕೊಂಡಿದ್ದಾಳೆ. ಇವರಿಗೆ ಸಿಕ್ಕಿರುವುದು ಯಾರದೋ ಬಟ್ಟೆ ಬುಟ್ಟಿಯಿಂದ ಬಿದ್ದ ಹೆಂಗಸರ ಒಳಉಡುಪು. ಅದು ಆಕೆಯದೇ ಅಂದುಕೊಂಡು ಇವರು ನಾಚಿ ನಾಚಿ ವಿಚಾರಿಸುತ್ತಾರೆ. ಆಕೆ ಕೈಗವಸಿನ ಬಗ್ಗೆ ಸರಾಗವಾಗಿ ಉತ್ತರ ಕೊಡುತ್ತಾಳೆ. ಒಂದೊಂದು ಉತ್ತರಕ್ಕೂ ಇವರ ಮುಖ ಇನ್ನಷ್ಟು ಕೆಂಪು. ಈ ಪ್ರಸಂಗ ಪೂರ್ತಿ ನಿಂತಿರುವುದು ಮಾತಿನ ಮೇಲೆ, ಆಕೆಯ ದನಿಯಲ್ಲಿನ ನಿರಾಳತೆಯ ಮೇಲೆ. ಅಸಭ್ಯ ಅನ್ನುವಂಥದ್ದು ಒಂದು ಪದವೂ ಇಲ್ಲ.

ಸೌಂಡ್‌ಮನೆ:
ನಾನು ಧ್ವನಿಮುದ್ರಣದ ಕೆಲಸದಲ್ಲಿರುವವನು. ನಿಧಾನ ಅನ್ನಿಸುವುದಕ್ಕೆ ಯಂತ್ರದ ಕಾರಣವೂ ಇದೆ, ಅದನ್ನು ಬಿಟ್ಟು ಬರೀ ನಟರ ಮೇಲೆ ಹೊರಿಸಬಾರದು.

ಮೂಕಿ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ, ಥಿಯೇಟರಿನಲ್ಲಿ ಬೇಗ ಓಡಿಸಿದರೆ ಓಟ, ಬೀಳು, ಏಳು ಎಲ್ಲಕ್ಕೂ ವೇಗ ಬರುತ್ತಿತ್ತು. ಹಾಸ್ಯ ಚಿತ್ರದವರು ಅದನ್ನೇ ನೆಚ್ಚಿಕೊಂಡಿದ್ದರು. ಧ್ವನಿ ಬಂದ ಕೂಡಲೇ ಸೆಕೆಂಡಿಗೆ 24 ಫ್ರೇಮ್ ಅಂತ ನಿಗದಿಯಾಯಿತು. ಅದರಲ್ಲಿ ಏರುಪೇರು ಮಾಡಿದರೆ ದನಿ ಕೀರಲು, ಇಲ್ಲವೇ ಗೊಗ್ಗರು. ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಪರದೆಯ ಮೇಲೂ ನಡೆಯಬೇಕಾಯಿತು.

ಆ ಹೊತ್ತಿನ ಕ್ಯಾಮೆರಾಗಳ ಸದ್ದು ಮೈಕ್‌ಗೆ ಬೀಳುತ್ತಿದ್ದುದರಿಂದ ಕ್ಯಾಮೆರಾಮನ್ ಸಮೇತ ಗೂಡಿನೊಳಗೆ ಕೂಡಿಹಾಕಿ ಗಾಜಿನ ಮೂಲಕ ಶೂಟ್ ಮಾಡುತ್ತಿದ್ದರು. ಚಿಲ್ಲರೆ ಕೆಲಸ ಅಲ್ಲ. ಇನ್ನು ಡಿಸ್ಕ್ ಪದ್ಧತಿ, ಅಂದರೆ ದನಿಯನ್ನು ಫಿಲ್ಮಿನ ಮೇಲಲ್ಲದೆ ಬೇರೆ ತಟ್ಟೆಯಲ್ಲಿ ಮುದ್ರಿಸಿ ಚಿತ್ರದ ಜೊತೆ ಓಡಿಸುವುದು: 16 ಇಂಚಿನ ತಟ್ಟೆ, ನಿಮಿಷಕ್ಕೆ 33⅓ ಸುತ್ತು, ಒಂದು ತಟ್ಟೆಗೆ ಒಂದು ರೀಲು, ಸುಮಾರು 11 ನಿಮಿಷ. ಫಿಲ್ಮನ್ನು ಕತ್ತರಿಸಿ ಅಂಟಿಸಬಹುದು, ತಟ್ಟೆಯನ್ನು ಕತ್ತರಿಸಲು ಬರುತ್ತದಾ? ಥಿಯೇಟರಿನಲ್ಲಿ ಸೂಜಿ ಒಂದು ಗೆರೆ ಹಾರಿದರೆ ಮುಂದೆ ತುಟಿಗೂ ಮಾತಿಗೂ ಸಂಬಂಧ ಇರುತ್ತಿರಲಿಲ್ಲ. ಎಷ್ಟೋ ಊರುಗಳಲ್ಲಿ ಧ್ವನಿಯ ಸಲಕರಣೆಯೇ ಇನ್ನೂ ಬಂದಿರಲಿಲ್ಲವಾದ್ದರಿಂದ ಲಾರೆಲ್–ಹಾರ್ಡಿಯ ಮೊದಲ ಟಾಕಿಗೆ ಮೂಕಿ ಪ್ರತಿಯನ್ನೂ ಮಾಡಿ ಕಳುಹಿಸಿದ್ದರು.

ಇದೆಲ್ಲ ಇದ್ದೂ ‘ಮೆನ್ ಓ ವಾರ್’ ತಂಡ ಸ್ಟುಡಿಯೋದ ನಾಲ್ಕು ಗೋಡೆ ಬಿಟ್ಟು ಹೊರಗೆ ಹೋಯಿತು. ಲಾಸ್ ಏಂಜಲಿಸ್‌ನ ಪೂರ್ವ ಭಾಗದ ಬಾಯ್ಲ್ ಹೈಟ್ಸ್‌ನಲ್ಲಿರುವ ಹಾಲೆನ್‌ಬೆಕ್ ಪಾರ್ಕ್, ಅದರ ಕೆರೆ. ಬಯಲು, ಗಾಳಿ, ನೀರು, ಮೈಕ್. ಫಾಕ್ಸ್ ಕಂಪನಿಯವರು ‘ಇನ್ ಓಲ್ಡ್ ಅರಿಜೋನಾ’ ಮೂಲಕ ಹೊರಾಂಗಣದಲ್ಲೂ ಟಾಕಿ ಆಗುತ್ತದೆ ಅಂತ ತೋರಿಸಿದ್ದು ಅದೇ ವರ್ಷದ ಆರಂಭದಲ್ಲಿ. ನನಗೆ ಈ ಧೈರ್ಯವೇ ದೊಡ್ಡದಾಗಿ ಕಾಣುತ್ತದೆ. ಹೆಡ್‌ಫೋನ್ ಹಾಕಿಕೊಂಡು ಪಾರ್ಕಿನ ದೃಶ್ಯ ಕೇಳಿ, ಮಾತುಗಳ ನಡುವೆ ಆ ಜಾಗದ ಬಯಲು ಗೊತ್ತಾಗುತ್ತದೆ.

ಪೇಟೆಬೀದಿ:
ನಾನು ನಿನ್ನೆ ಮೊದಲ ಸಲ ನೋಡಿದೆ. ಸೋಡಾ ಅಂಗಡಿಯವನು ಯಾರು? ಅವನ ಒಂದು ಕಣ್ಣು ಕಿರಿದು ಮಾಡಿ ದಿಟ್ಟಿಸುವ ಪರಿ ಮರೆಯೋಕೇ ಆಗ್ತಿಲ್ಲ.

ಹಳೇರೀಲು:
ಜೇಮ್ಸ್ ಫಿನ್ಲೇಸನ್. ಸ್ಕಾಟ್ಲೆಂಡಿನವರು, ಈ ಜೋಡಿಯ ಎಷ್ಟೋ ಚಿತ್ರಗಳಲ್ಲಿ ಎದುರಾಳಿ. ಅವರು ಕೆರಳಿದಾಗ ಎಳೆದು ಹೇಳುತ್ತಿದ್ದ ‘ಡೋ...’ ಇದೆಯಲ್ಲ, ‘ಸಿಂಪ್ಸನ್ಸ್’ ಕಾರ್ಟೂನಿನ ಹೋಮರ್‌ಗೆ ದನಿ ಕೊಡುವ ಡ್ಯಾನ್ ಕ್ಯಾಸ್ಟಲನೆಟಾ ತಮ್ಮ ‘ಡೋ!’ ತೆಗೆದುಕೊಂಡದ್ದು ಅಲ್ಲಿಂದಲೇ.

ಧಾರವಾಡದವ:
ನೋಡ್ರಿ, ನಿಧಾನ ಅಂತ ಯಾಕ ಅನಸ್ತದ ಅನ್ನೋದಕ್ಕ ನಾ ಒಂದು ಮಾತು ಹೇಳ್ತೀನಿ. ಕಂಪನಿ ನಾಟಕ ನೋಡಿದವರಿಗೆ ಇದು ಲಗೂ ತಿಳೀತದ. ಹಾಸ್ಯದ ಪಾತ್ರದಾಂವ ಒಂದು ಮಾತು ಒಗದು ಸುಮ್ನ ನಿಂದರ್ತಾನ. ಮಂದಿ ನಗೂದು ಮುಗಿಯೂ ತನಕ ಮುಂದಿನ ಮಾತು ತಗಿಯಂಗಿಲ್ಲ. ತಗದ್ರ ಯಾರಿಗೂ ಕೇಳಂಗಿಲ್ಲ, ಮಾತು ನೀರಾಗ ಹೋಮ ಮಾಡಿದಂಗ. ಆದ್ರ ಆ ನಿಂದ್ರೂದು ಖಾಲಿ ನಿಂದ್ರೂದಲ್ಲ ಮತ್ತ. ಮಾರಿ ಮ್ಯಾಲ ಏನರೆ ನಡದಿರ್ತದ, ಹೆಗಲ ಮ್ಯಾಗಿನ ವಲ್ಲಿ ಸರಿ ಮಾಡ್ಕೋತ ಮಂದಿನ್ನ ಒಂದು ಸರ್ತಿ ನೋಡ್ತಾನ.

ಹಾರ್ಡಿ ಕ್ಯಾಮೆರಾ ಕಡೆ ತಿರುಗಿ ನೋಡೂದು ನನಗ ಅದ ಅನಸ್ತದ. ಮನ್ಯಾಗ ಒಬ್ರ ಕುಂತು ಮೊಬೈಲ್‌ನ್ಯಾಗ ನೋಡಿದ್ರ ಅಲ್ಲಿ ನಗೂ ಮಂದಿನ ಇಲ್ಲ. ಅದಕ್ಕ ಉದ್ದ ಅನಸ್ತದ.

ಹಳೇರೀಲು:
ಧಾರವಾಡದವರೇ, ಈ ಇಡೀ ಎಳೆಯಲ್ಲಿ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೇ ಕೈ ಹಾಕಿದ್ದೀರಿ. ಇದಕ್ಕೆ ದಾಖಲೆಯ ಬಲವೂ ಇದೆ. ರೋಚ್ ಸ್ಟುಡಿಯೋದವರು ಬಿಡುಗಡೆಗೆ ಮುಂಚೆ ಚಿತ್ರವನ್ನು ಥಿಯೇಟರಿನಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿ, ಎಲ್ಲಿ ನಗು ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿ ಅದಕ್ಕೆ ತಕ್ಕಂತೆ ಮತ್ತೆ ಜೋಡಿಸುತ್ತಿದ್ದರು. ಸ್ಟಾನ್ ಲಾರೆಲ್ ಬರೀ ನಟ ಆಗಿರಲಿಲ್ಲ. ಹಾಸ್ಯ ಪ್ರಸಂಗಗಳನ್ನು ಕಟ್ಟುವುದರಿಂದ ಹಿಡಿದು ಎಡಿಟಿಂಗ್‌ವರೆಗೆ ಎಲ್ಲದರಲ್ಲೂ ಅವರ ಕೈ ಇತ್ತು.

ಮೂಕಿಯಲ್ಲಿ ಈ ತಲೆನೋವು ಇರಲಿಲ್ಲ. ಥಿಯೇಟರ್ ಎಷ್ಟೇ ಗದ್ದಲ ಮಾಡಲಿ, ಫಲಕ ಓದಿಕೊಂಡರೆ ಆಯಿತು. ಟಾಕಿ ಬಂದಾಗ ನಗುವೇ ಮುಂದಿನ ಮಾತಿಗೆ ಅಡ್ಡ ಬಂತು. ತುಂಬಾ ಜನ ಇದಕ್ಕೆ ಕಂಡುಕೊಂಡ ದಾರಿ ಅಂದರೆ ಮಾತು ಸುರಿಯುವುದು, ಎರಡು ಹೋದರೆ ಹೋಗಲಿ ಮೂರನೆಯದು ತಲುಪಲಿ ಅಂತ. ಲಾರೆಲ್–ಹಾರ್ಡಿ ಬೇರೆ ದಾರಿ ಹಿಡಿದರು. ಕಡಿಮೆ ಮಾತಾಡಿದರು, ಆಡಿದ ಮಾತಿನ ಸುತ್ತ ಜಾಗ ಬಿಟ್ಟರು, ಆ ಜಾಗವನ್ನು ಮುಖದಿಂದ ತುಂಬಿದರು. ಸ್ಟಾನ್ ‘ಸೋಡಾ’ ಅಂದ ಮೇಲೆ ಓಲಿ ಬೈಯುವುದಕ್ಕೆ ಆತುರಪಡುವುದಿಲ್ಲ. ಮೊದಲು ಕಲ್ಲಾಗುತ್ತಾನೆ. ನಿಧಾನಕ್ಕೆ ತಲೆ ಎತ್ತುತ್ತಾನೆ. ನಮ್ಮ ಕಡೆ ನೋಡುತ್ತಾನೆ. ಆಮೇಲೆ ಹುಡುಗಿಯರಿಗೆ ಕ್ಷಮಿಸಿ ಅಂತ ಮುಗುಳ್ನಗುತ್ತಾನೆ. ಆಗಲೇ ಸ್ಟಾನನ್ನು ಎಳೆದುಕೊಂಡು ಹೋಗುವುದು.

ದನಿಗಳ ಅದೃಷ್ಟವನ್ನೂ ಹೇಳಬೇಕು. ಸ್ಟಾನ್ ಹುಟ್ಟಿದ್ದು 1890ರಲ್ಲಿ, ಉತ್ತರ ಇಂಗ್ಲೆಂಡಿನ ಅಲ್ವರ್‌ಸ್ಟನ್‌ನಲ್ಲಿ. ಓಲಿ 1892ರಲ್ಲಿ, ಜಾರ್ಜಿಯಾದ ಹಾರ್ಲೆಮ್‌ನಲ್ಲಿ. ಒಬ್ಬರದು ಲ್ಯಾಂಕಷೈರ್‌ನ ಚಪ್ಪಟೆ ದನಿ, ಇನ್ನೊಬ್ಬರದು ಅಮೆರಿಕದ ದಕ್ಷಿಣದ ಉಪಚಾರ ತುಂಬಿದ ಮಾತು. ಮೂಕಿಯಲ್ಲಿ ನೋಡಿ ಪ್ರೇಕ್ಷಕರು ಕಲ್ಪಿಸಿಕೊಂಡಿದ್ದ ಮನುಷ್ಯರಿಗೂ ಆ ದನಿಗಳಿಗೂ ಜೋಡಿ ಕೂಡಿತು. ಎಲ್ಲರಿಗೂ ಹಾಗೆ ಆಗಲಿಲ್ಲ. ಎಂಜಿಎಂನಲ್ಲೇ ಇದ್ದ ಡೆನ್ಮಾರ್ಕಿನ ಕಾರ್ಲ್ ಡೇನ್ ಮೂಕಿಯಲ್ಲಿ ಜನ ಮೆಚ್ಚಿದ ಹಾಸ್ಯನಟ. ಅದೇ 1929ರ ಡಿಸೆಂಬರ್‌ನಲ್ಲಿ ವಿಲಿಯಂ ಹೇನ್ಸ್ ಜೊತೆ ‘ನೇವಿ ಬ್ಲೂಸ್’ ಎಂಬ ನಾವಿಕರ ಟಾಕಿಯಲ್ಲೂ ಇದ್ದರು. ಉಚ್ಚಾರಣೆಯೇ ಅಡ್ಡಿಯಾಗಿ ಅವಕಾಶಗಳು ಇಲ್ಲವಾದವು, 1934ರಲ್ಲಿ ಬದುಕನ್ನೇ ಮುಗಿಸಿಕೊಂಡರು. ಆ ಬದಲಾವಣೆ ಎಷ್ಟು ಕ್ರೂರವಾಗಿತ್ತು ಎಂಬುದು ಗೊತ್ತಿದ್ದರೆ, ಮೂರೇ ಟಾಕಿಗಳಲ್ಲಿ ಈ ಜೋಡಿ ನೆಲೆ ಕಂಡುಕೊಂಡದ್ದರ ಬೆಲೆ ತಿಳಿಯುತ್ತದೆ.

ಮೂಕಿಪ್ರಿಯೆ:
ನಗುವಿಗೆ ಜಾಗ ಬಿಟ್ಟರು ಅನ್ನುವ ಮಾತು ಸೋಡಾ ದೃಶ್ಯಕ್ಕೆ ಹೊಂದುತ್ತದೆ. ಕೆರೆಯ ದೃಶ್ಯಕ್ಕೆ ಹೊಂದುವುದಿಲ್ಲ, ಅಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಇಬ್ಬರೂ ಎದುರುಬದುರು ಕೂತು ಹುಟ್ಟು ಹಾಕಿ ದೋಣಿ ಗಿರಗಿರ ಸುತ್ತುವುದು ಸೊಗಸಾಗಿದೆ. ಅದಾದ ಮೇಲೆ ಕೂಗಾಟ ಹೆಚ್ಚಾಗಿ ನೋಟ ಕಡಿಮೆಯಾಗುತ್ತದೆ. ‘ಟೂ ಟಾರ್ಸ್’ನಲ್ಲಿ ಏಟು ತಿಂದವನು ಸುಮ್ಮನೆ ನಿಂತು ತನಗಾದ ನಷ್ಟವನ್ನು ಪೂರ್ತಿ ನೋಡುತ್ತಾನೆ, ಆಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಆ ತಾಳ್ಮೆ ಕೆರೆಯಲ್ಲಿ ಇಲ್ಲ.

ಇನ್ನೊಂದು ಕೊರತೆ ಯಾರೂ ಎತ್ತಲಿಲ್ಲ. ಹುಡುಗಿಯರ ಪಾತ್ರ ಮಾಡಿದ ಆ್ಯನ್ ಕಾರ್ನ್‌ವಾಲ್, ಗ್ಲೋರಿಯಾ ಗ್ರೀರ್ ಇಬ್ಬರಿಗೂ ಈ ಚಿತ್ರದಲ್ಲಿ ಮಾಡಲು ಕೊಟ್ಟಿರುವುದೇನು? ಕೈಗವಸಿನ ಮಾತುಕತೆ ಬಿಟ್ಟರೆ ಸೋಡಾ ಕೇಳುವುದು, ನಗುವುದು, ನೀರಿಗೆ ಬೀಳುವುದು. ಕಾರ್ನ್‌ವಾಲ್ 1927ರಲ್ಲಿ ಬಸ್ಟರ್ ಕೀಟನ್ ಅವರ ‘ಕಾಲೇಜ್’ ಚಿತ್ರದ ನಾಯಕಿ! ಅಂಥವರಿಗೆ ಇನ್ನೊಂದಿಷ್ಟು ಬರೆಯಬಹುದಿತ್ತು.

ಸೌಂಡ್‌ಮನೆ:
ಕೆರೆಯ ಬಗ್ಗೆ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ನೀರಿನ ಸದ್ದು, ಐದಾರು ಜನರ ಕೂಗು ಒಟ್ಟಿಗೆ ಬಂದಾಗ ಆ ಕಾಲದ ಮೈಕ್ ಯಾವುದನ್ನೂ ಬಿಡಿಸಿ ಕೊಡುವುದಿಲ್ಲ. ಕಿವಿಗೆ ಮುದ್ದೆಯಾಗಿ ಬರುತ್ತದೆ. ಒಳಾಂಗಣದ ಸೋಡಾ ದೃಶ್ಯದಲ್ಲಿ ಒಂದೊಂದು ದನಿಯೂ ಬಿಡಿಬಿಡಿ.

ಕಡಲತಡಿ:
ತೆರೆಯ ಹಿಂದಿದ್ದವರ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಕ್ಯಾಮೆರಾ ಹಿಡಿದವರಲ್ಲಿ ಜಾರ್ಜ್ ಸ್ಟೀವನ್ಸ್ ಒಬ್ಬರು. ಮುಂದೆ ‘ಎ ಪ್ಲೇಸ್ ಇನ್ ದ ಸನ್’, ‘ಜೈಂಟ್’ ಎರಡಕ್ಕೂ ನಿರ್ದೇಶನದ ಆಸ್ಕರ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಸೈನ್ಯದ ಚಿತ್ರೀಕರಣ ತಂಡದ ಜೊತೆ ಹೋಗಿ ನಾರ್ಮಂಡಿ, ನಾಜಿಗಳ ಡಾಕಾವ್ ಯಾತನಾ ಶಿಬಿರ ಎಲ್ಲವನ್ನೂ ಚಿತ್ರಿಸಿದವರು. ನಿರ್ದೇಶಕ ಫಾಸ್ಟರ್‌ಗೆ ಹತ್ತು ವರ್ಷದ ನಂತರ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಚಿತ್ರದ ಮೂಲಕಥೆಗೆ ಆಸ್ಕರ್ ಬಂತು. ಪಾರ್ಕಿನ ಕೆರೆಯಲ್ಲಿ ದೋಣಿ ಮುಳುಗಿಸುತ್ತಿದ್ದ ತಂಡ ಎಷ್ಟು ಗಟ್ಟಿಯಾಗಿತ್ತು ನೋಡಿ.

ಪೇಟೆಬೀದಿ:
ಕೊನೆಗೆ ಬಿಲ್ ಹೇಗೆ ಕಟ್ಟಿದರು ಅನ್ನೋದನ್ನ ಯಾರೂ ಬರೆದಿಲ್ಲವಲ್ಲ! 15 ಸೆಂಟ್ ಇಟ್ಟುಕೊಂಡು ಕೂತವರಿಗೆ ಬಂದ ಬಿಲ್ 30 ಸೆಂಟ್. ಓಲಿ ಬಿಲ್ಲನ್ನು ಸ್ಟಾನ್ ಕೈಗೆ ದಾಟಿಸುತ್ತಾನೆ. ಸ್ಟಾನ್ ಹೋಗಿ ಮೂಲೆಯ ಜೂಜಿನ ಯಂತ್ರಕ್ಕೆ ಕಾಸು ಹಾಕುತ್ತಾನೆ. ಜಾಕ್‌ಪಾಟ್! ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಗಳಿಗೆ.

ಅಂದಹಾಗೆ, ಅವರ ಗುರುತಿನ ‘ಕುಕ್ಕೂ’ ಸಂಗೀತ ಇದರಲ್ಲಿ ಯಾಕಿಲ್ಲ? ಇದನ್ನು ಕಾನೂನುಬದ್ಧವಾಗಿ ಉಚಿತವಾಗಿ ನೋಡಬಹುದಾ?

ಹಳೇರೀಲು:
‘ಕುಕ್ಕೂ’ ಧುನ್ ಅವರ ಚಿತ್ರಗಳ ಜೊತೆ ಸೇರಿಕೊಂಡದ್ದು 1930ರಿಂದ ಈಚೆಗೆ, ಮಾರ್ವಿನ್ ಹ್ಯಾಟ್ಲಿ ಅವರದು. 1929ರಲ್ಲಿ ಮಾತಿನ ಕೆಳಗೆ ಸಂಗೀತ ಬೆರೆಸುವುದೇ ಕಷ್ಟವಿತ್ತು, ಹಾಗಾಗಿ ಆ ವರ್ಷದ ಟಾಕಿಗಳು ಇಷ್ಟು ಬರಿದಾಗಿ ಕೇಳಿಸುತ್ತವೆ.

1929ರಲ್ಲಿ ಬಿಡುಗಡೆಯಾದ ಚಿತ್ರಗಳ ಕಾಪಿರೈಟ್ ಅಮೆರಿಕದಲ್ಲಿ 2025ರ ಜನವರಿ 1ಕ್ಕೆ ಮುಗಿಯಿತು, 1928ರವು ಅದರ ಹಿಂದಿನ ವರ್ಷವೇ ಮುಗಿದಿದ್ದವು. ಬೇರೆ ಬೇರೆ ದೇಶದ ಕಾನೂನು ಬೇರೆ, ಅದನ್ನು ನೋಡಿಕೊಳ್ಳಿ. ಕಂಪ್ಯೂಟರಿನಲ್ಲಿ ಬಣ್ಣ ಬಳಿದ ಪ್ರತಿಗಳನ್ನು ದಯವಿಟ್ಟು ಬಿಟ್ಟುಬಿಡಿ. ಸ್ಟೀವನ್ಸ್ ಅವರ ಬೆಳಕು ಅದರಲ್ಲಿ ಹಾಳಾಗುತ್ತದೆ.

ಸಾಧ್ಯವಾದರೆ ಮೊದಲು ‘ಶುಡ್ ಮ್ಯಾರೀಡ್ ಮೆನ್ ಗೋ ಹೋಮ್?’, ಆಮೇಲೆ ‘ಟೂ ಟಾರ್ಸ್’, ಮೂರನೆಯದಾಗಿ ‘ಮೆನ್ ಓ ವಾರ್’, ಈ ಕ್ರಮದಲ್ಲಿ ನೋಡಿ. ಮೂರೂ ಸೇರಿ ಒಂದು ಗಂಟೆಯ ಮೇಲೆ ಸ್ವಲ್ಪ ಆಗಬಹುದು. ಮನೆಯವರನ್ನು, ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ದೊಡ್ಡ ಪರದೆಯಲ್ಲಿ ಹಾಕಿ. ನೋಡಿದವರು ಸೋಡಾ ದೃಶ್ಯದಲ್ಲಿ ಎಲ್ಲಿ ನಗು ಬಂತು, ಓಲಿ ನಮ್ಮ ಕಡೆ ತಿರುಗಿದಾಗ ಅದು ಇನ್ನೂ ನಡೆಯುತ್ತಿತ್ತಾ ಅಂತ ಇಲ್ಲಿ ಬರೆಯಿರಿ.

ಮೂಕಿಪ್ರಿಯೆ:
ಕೆರೆಯ ದೃಶ್ಯದಲ್ಲಿ ಬಂತಾ ಅಂತಲೂ ಬರೆಯಿರಿ. ಇದೇ ಭಾನುವಾರ ನಮ್ಮ ಮನೆಯಲ್ಲಿ ಹಾಕುತ್ತಿದ್ದೇನೆ, ನಾನೂ ಬರೆಯುತ್ತೇನೆ.